ಮುಂಬಯಿಯ ಪದಾತಿಗಳು

ಮಹಾಭಾರತದ ಆದಿಪರ್ವದಲ್ಲಿ ಅಕ್ಷೌಹಿಣೀ ಸೈನ್ಯದ ಲೆಕ್ಕವನ್ನು ಕೊಟ್ಟಿದೆ. ಆನೆಗಳು 21,870, ರಥಗಳೂ ಅಷ್ಟೇ, ಕುದುರೆಗಳು 65,610, ಕಾಲಾಳುಗಳು 1,09,350. ನಾಲ್ಕನ್ನೂ ಕೂಡಿಸಿದರೆ ಮೊತ್ತವು 2,18,700 ಆಗುವುದು. ಅದರಲ್ಲಿ ಸರಿಯಾಗಿ ಅರ್ಧಪಾಲು ಕಾಲಾಳುಗಳದು. ಆದರೂ ಭಾರತವನ್ನು ಕೇಳಿದವರ ಕಿವಿಯಲ್ಲಿ ಉಳಿಯುವುದು ರಥಿಕರ ಹೆಸರುಗಳೇ ಹೊರತು ಪದಾತಿಗಳ ಹೆಸರಲ್ಲ. ಅಮರಸಿಂಹನು ತನ್ನ ಕೋಶದ ಕ್ಷತ್ರಿಯವರ್ಗದಲ್ಲಿ ಪದಾತಿ, ಪತ್ತಿ, ಪದಗ ಮುಂತಾದ ಪರ್ಯಾಯನಾಮಗಳನ್ನು ಕೊಟ್ಟು ಅವರಿಗೊಂದಿಷ್ಟು ಮರ್ಯಾದೆಯನ್ನು ಸಲ್ಲಿಸಿದ್ದಾನೆ, ಅಷ್ಟೇ.

ನಗರಗಳ ಚರಿತ್ರೆಯೂ ಬಹುಮಟ್ಟಿಗೆ ಇದೇ ರೀತಿಯದು. ರಾಜ್ಯಪಾಲರ ಸಾರೋಟು, ಶ್ರೀಮಂತರ ಮೋಟಾರು, ಹೊಸ ರಾಜಮಾರ್ಗದ ಉದ್ಘಾಟನೆ ಇವು ದಾಖಲೆಗಳಲ್ಲಿ ನಿಲ್ಲುತ್ತವೆ. ಬೆಳಗ್ಗೆ ಮನೆಯಿಂದ ಹೊರಟು, ಸ್ವಂತ ವಾಹನವೆಂಬುದಿಲ್ಲದೆ, ಕಾಲಿನಿಂದಲೂ ಎಲ್ಲರಿಗೂ ಸೇರಿದ ಬಂಡಿಗಳಿಂದಲೂ ದಿನದ ಕೆಲಸವನ್ನು ಮುಗಿಸಿ ರಾತ್ರಿ ಮನೆ ಸೇರುವ ಲಕ್ಷಾಂತರ ಜನರ ಚರಿತ್ರೆ ಮಾತ್ರ ಬರೆಯಲ್ಪಡುವುದು ಅಪೂರ್ವ. ಭರತಖಂಡದಲ್ಲಿ ಈ ಚರಿತ್ರೆಯನ್ನು ನೋಡಲು ಮುಂಬಯಿಗಿಂತ ಉತ್ತಮವಾದ ಸ್ಥಳವಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರಕನ್ನಡ ಜಿಲ್ಲೆಗಳಿಗೆ 1956ರ ನವಂಬರ 1ರವರೆಗೆ ಆಳುವ ರಾಜಧಾನಿಯಾಗಿದ್ದುದೂ ಆ ಪಟ್ಟಣವೇ. ಆದುದರಿಂದ ಅದರ ಬೀದಿಯ ಕಥೆ ಕನ್ನಡಿಗರಿಗೆ ಪರರ ಮನೆಯ ಕಥೆಯಲ್ಲ.

ದ್ವೀಪಗಳೂ ಸೇತುವೆಯೂ

ಮುಂಬಯಿಯು ಮೂಲತಃ ಏಳು ದ್ವೀಪಗಳ ಸಮೂಹ. ಭರತದ ಹೊತ್ತಿನಲ್ಲಿ ಕಡಲು ನಡುನಡುವೆ ನುಗ್ಗುತ್ತಿತ್ತು. ಇಳಿತವಾದಾಗ ಕೆಸರು ಉಳಿಯುತ್ತಿತ್ತು. ಹದಿನೆಂಟನೆಯ ಶತಮಾನದಿಂದ ಒಡ್ಡುಗಳನ್ನು ಕಟ್ಟಿ, ತಗ್ಗುಗಳನ್ನು ತುಂಬಿ, ದ್ವೀಪಗಳನ್ನು ಒಂದಾಗಿಸುವ ಕಾರ್ಯವು ನಡೆದುಬಂದಿತು. ಆ ಕಾಲದಲ್ಲಿ ಸಿರಿವಂತರಿಗೆ ಪಲ್ಲಕ್ಕಿ, ಮಧ್ಯಮರಿಗೆ ಎತ್ತಿನ ಗಾಡಿ, ಮಿಕ್ಕವರಿಗೆಲ್ಲ ಕಾಲು. ಬಾಡಿಗೆಗೆ ದೊರೆಯುತ್ತಿದ್ದ ಮುಚ್ಚುಗಾಡಿಗೆ ‘ಶಿಗ್ರಾಂ’ ಎಂಬ ಹೆಸರಿತ್ತು. ಈ ಶಬ್ದವು ಸಂಸ್ಕೃತದ ‘ಶೀಘ್ರ’ ಶಬ್ದದಿಂದ ಹುಟ್ಟಿತೆಂದು ಕೋಶಕಾರರ ಅಭಿಪ್ರಾಯ. ಎತ್ತುಗಳು ಎಳೆದ ಗಾಡಿಗೂ ಈ ಹೆಸರು ಸಂದದ್ದನ್ನು ನೋಡಿದರೆ, ಶೀಘ್ರತೆಯ ಅಳತೆಯು ಕಾಲಕಾಲಕ್ಕೆ ಬದಲಾಗತಕ್ಕುದೆಂಬುದು ತಿಳಿಯುತ್ತದೆ.

ದ್ವೀಪದ ಉತ್ತರದ ತುದಿಯಾದ ಮಾಹಿಮಕ್ಕೂ ಅದರಾಚೆಯ ಬಾಂದ್ರಾಕ್ಕೂ ನಡುವೆ ಒಂದು ಕೊಲ್ಲಿಯಿತ್ತು. ಅದನ್ನು ದೋಣಿಯಿಂದ ದಾಟಬೇಕಾಗಿತ್ತು. ಮಳೆಗಾಲದಲ್ಲಿ ದೋಣಿಗಳು ಮಗುಚಿ ಪ್ರಾಣಹಾನಿಯಾಗುತ್ತಿತ್ತು. ಸೇತುವೆಗಾಗಿ ಕಂಪನಿ ಸರಕಾರದ ಬೊಕ್ಕಸದಿಂದ ಹಣವು ದೊರೆಯದಿರಲು, ಪಾರಸೀ ವರ್ತಕ ಜಮಶೇಟಜಿ ಜೀಜೀಭಾಯಿಯವರ ಪತ್ನಿ ಆವಾಬಾಯಿಯವರು ಒಂದೂವರೆ ಲಕ್ಷಕ್ಕೂ ಮಿಕ್ಕ ರೂಪಾಯಿಗಳನ್ನು ತಮ್ಮ ಕೈಯಿಂದ ಕೊಟ್ಟರು. 1845ರಲ್ಲಿ ಸೇತುಮಾರ್ಗವು ಸಿದ್ಧವಾಯಿತು. ಆ ಮಹನೀಯೆ ವಿಧಿಸಿದ ಕಟ್ಟು ಒಂದೇ: ದಾಟುವವರಿಂದ ಸುಂಕವನ್ನು ಎತ್ತಕೂಡದು. ತಲೆಯ ಮೇಲೆ ಬುಟ್ಟಿ ಹೊತ್ತು ಬರುವ ಬೆಸ್ತರ ಹೆಂಗಸೂ ಸಾರೋಟಿನಲ್ಲಿ ಬರುವ ಶೇಟಜಿಯೂ ಒಂದೇ ಹಾದಿಯಲ್ಲಿ ದುಗ್ಗಾಣಿಯ ಖರ್ಚಿಲ್ಲದೆ ಸಾಗಿದರು. ವಾಚಕರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಈ ಲೇಖನದ ಕೊನೆಯಲ್ಲಿ ಇದರ ಪ್ರಯೋಜನವುಂಟು.

ಹೊಗೆಬಂಡಿಯ ಆಗಮನ

1853ರ ಏಪ್ರಿಲ 16, ಶನಿವಾರ, ಅಪರಾಹ್ನ ಮೂರೂವರೆ ಗಂಟೆಯ ಸುಮಾರಿಗೆ ಬೋರಿಬಂದರದಿಂದ ಠಾಣೆಗೆ ಮೊದಲನೆಯ ಪ್ರಯಾಣಿಕರ ರೈಲು ಹೊರಟಿತು. ಹದಿನಾಲ್ಕು ಡಬ್ಬಿಗಳು, ನಾನೂರು ಮಂದಿ ಆಮಂತ್ರಿತರು, ಎಳೆಯಲು ಮೂರು ಯಂತ್ರಗಳು. ಇಪ್ಪತ್ತೊಂದು ತೋಪುಗಳ ಮರ್ಯಾದೆ. ದೂರವು ಇಪ್ಪತ್ತೊಂದು ಮೈಲಿ. ಅಂದಿನವರಿಗೆ ಇದೊಂದು ಕೌತುಕ, ದರ್ಶನಕ್ಕೆ ತಕ್ಕ ವಸ್ತು. ಇದು ನಿತ್ಯಜೀವನದ ಸಾಧನವಾಗುವುದೆಂದು ಆ ದಿನ ಯಾರಿಗೆ ತೋಚಿದ್ದೀತು?

ಆದರೆ ಹದಿನಾಲ್ಕು ವರ್ಷಗಳಲ್ಲಿ ಹಾಗೆಯೇ ಆಯಿತು. 1867ರ ಏಪ್ರಿಲ 12ರಂದು ಪಶ್ಚಿಮದ ಹಳಿಯ ಮೇಲೆ ವಿರಾರದಿಂದ ಬ್ಯಾಕಬೇಗೆ ದಿನಕ್ಕೆ ಹೋಗಲು ಒಂದು, ಬರಲು ಒಂದು, ಹೀಗೆ ಉಪನಗರದ ಗಾಡಿಯ ಸಂಚಾರವು ಆರಂಭವಾಯಿತು. ಬೆಳಗ್ಗೆ ಪಟ್ಟಣಕ್ಕೆ ಬಂದು ಸಂಜೆ ಊರಿಗೆ ಮರಳುವ ಮನುಷ್ಯನೆಂಬ ಹೊಸ ಜಾತಿಯೊಂದು ಆಗ ಹುಟ್ಟಿತೆನ್ನಬಹುದು. ಪೂರ್ವದಲ್ಲಿ ಗ್ರಾಮವಾಸಿ, ನಗರವಾಸಿ ಎಂಬ ಎರಡೇ ವಿಭಾಗಗಳಿದ್ದುವು. ಈಗ ರಾತ್ರಿ ಒಂದೆಡೆಯಲ್ಲಿ ಮಲಗಿ ಹಗಲು ಇನ್ನೊಂದೆಡೆಯಲ್ಲಿ ದುಡಿಯುವವನು ಮೂರನೆಯವನಾದನು. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ವಿದ್ಯುಚ್ಛಕ್ತಿಯ ರೈಲು ಓಡಿತು. ಭರತಖಂಡದಲ್ಲಿ ಅದೇ ಮೊದಲನೆಯದು. 1928ರಲ್ಲಿ ಪಶ್ಚಿಮದ ಹಳಿಗೂ ಬೋರಿವಲಿಯವರೆಗೆ ವಿದ್ಯುತ್ತು ಬಂದಿತು. ಹೊಗೆ ಹೋಯಿತು, ವೇಗ ಹೆಚ್ಚಿತು, ಗಾಡಿಗಳ ಸಂಖ್ಯೆಯೂ ಹೆಚ್ಚಿತು.

ರೈಲು ತಂದ ಇನ್ನೊಂದು ಪರಿವರ್ತನೆ ಕಾಲಗಣನೆಯಲ್ಲಿ. ಹಿಂದೆ ಪ್ರತಿಯೊಂದು ಊರಿಗೂ ತನ್ನ ಸೂರ್ಯನೇ ಗಡಿಯಾರ. ಮುಂಬಯಿಯ ಸ್ಥಳೀಯ ಕಾಲವು ಗ್ರೀನಿಚ್ಚಿಗಿಂತ 4 ಗಂಟೆ 51 ಮಿನಿಟು ಮುಂದೆ. ರೈಲಿನವರು ಅನುಸರಿಸಿದುದು ಅದಕ್ಕೂ ಅರ್ಧ ಗಂಟೆ ಮುಂದಿದ್ದ ಮದರಾಸಿನ ಕಾಲವನ್ನು. 1906ರಲ್ಲಿ ಇಡೀ ದೇಶಕ್ಕೆ ಒಂದೇ ಕಾಲವು ಗೊತ್ತಾದಾಗ ಮುಂಬಯಿಯ ಗಡಿಯಾರವು ಮೂವತ್ತೊಂಬತ್ತು ಮಿನಿಟು ಹಿಂದೆ ಉಳಿಯಿತು. ನಗರಸಭೆಯವರು ತಮ್ಮ ಹಳೆಯ ಕಾಲವನ್ನು 1955ರವರೆಗೂ ಬಿಡಲಿಲ್ಲ. ಸ್ವಂತ ಗಾಡಿಯುಳ್ಳವನಿಗೆ ಇದು ವಿನೋದದ ವಿಷಯ. ರೈಲು ಹಿಡಿಯಬೇಕಾದವನಿಗೆ ಎರಡು ಕಾಲಗಳ ಲೆಕ್ಕವು ತಲೆಯಲ್ಲಿರಬೇಕಾದ ನಿತ್ಯಗಣಿತ.

ಕುದುರೆಯ ಟ್ರಾಂ, ಮಿಂಚಿನ ಟ್ರಾಂ

ರೈಲು ದೂರದವರಿಗೆ; ಪೇಟೆಯೊಳಗೆ ತಿರುಗುವವರಿಗೆ ಏನು? ಇದಕ್ಕೆ ಉತ್ತರವು 1874ರ ಮೇ 9ರಂದು ದೊರೆಯಿತು. ಕುಲಾಬಾದಿಂದ ಪಾಯಧುಣಿಗೂ ಬೋರಿಬಂದರದಿಂದ ಕಾಳಬಾದೇವಿಯ ಮೇಲೆ ಪಾಯಧುಣಿಗೂ ಕುದುರೆಗಳು ಎಳೆಯುವ ಟ್ರಾಂ ಬಂಡಿಗಳು ಓಡತೊಡಗಿದುವು. ಮೊದಲು ದರವು ಮೂರು ಆಣೆ, ಟಿಕೇಟೆಂಬುದಿಲ್ಲ. ಜನರು ಹೆಚ್ಚಾಗಿ ಹತ್ತಿದ ಮೇಲೆ ದರವನ್ನು ಎರಡು ಆಣೆಗೆ ಇಳಿಸಿದರು. ಕೊಡದೆ ಇಳಿದುಹೋಗುವವರೂ ಹೆಚ್ಚಾಗಲು ಟಿಕೇಟನ್ನು ಜಾರಿಗೆ ತಂದರು. ಸಾರ್ವಜನಿಕ ವಾಹನದ ಶಾಸ್ತ್ರವೆಲ್ಲವೂ ಈ ಎರಡು ಮಾತುಗಳಲ್ಲಿ ಅಡಗಿದೆ: ದರವು ಇಳಿದರೆ ಜನರು ಬರುವರು, ಜನರು ಬಂದರೆ ಲೆಕ್ಕವನ್ನು ಇಡಬೇಕಾಗುವುದು.

ಆರಂಭದಲ್ಲಿ ಇಪ್ಪತ್ತು ಬಂಡಿಗಳೂ ಇನ್ನೂರು ಕುದುರೆಗಳೂ ಇದ್ದುವು; 1905ರ ವೇಳೆಗೆ ಕುದುರೆಗಳ ಸಂಖ್ಯೆಯು ಒಂಬೈನೂರಕ್ಕೇರಿತು. 1907ರ ಮೇ 7ರಂದು ವಿದ್ಯುತ್ತಿನ ಟ್ರಾಂ ಬಂದಿತು. 1920ರಲ್ಲಿ ಎರಡಂತಸ್ತಿನ ಟ್ರಾಂ. 1926ರ ಜುಲೈ 15ರಂದು ಅಫ್ಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್ಟಿಗೆ ಮೊದಲ ಮೋಟಾರು ಬಸ್ಸು. 1937ರಲ್ಲಿ ಎರಡಂತಸ್ತಿನ ಬಸ್ಸು. ಸ್ವಾತಂತ್ರ್ಯಕ್ಕೆ ಎಂಟು ದಿವಸ ಮುಂಚೆ, 1947ರ ಆಗಸ್ಟ 7ರಂದು, ಈ ವ್ಯವಸ್ಥೆಯೆಲ್ಲವೂ ಖಾಸಗಿ ಕಂಪನಿಯಿಂದ ನಗರಸಭೆಯ ಕೈಗೆ ಬಂದಿತು. ಪರರ ಆಡಳಿತದಿಂದ ದೇಶವು ಬಿಡುಗಡೆಯಾಗುವ ಮೊದಲೇ ಮುಂಬಯಿಯ ಪಾದಚಾರಿಯ ಬಂಡಿಯು ಪಟ್ಟಣದ ಸ್ವತ್ತಾಯಿತು.

ಟ್ರಾಮಿನ ಮಹತ್ತ್ವವು ವೇಗದಲ್ಲಿರಲಿಲ್ಲ, ಸಾಮೀಪ್ಯದಲ್ಲಿತ್ತು. ಪಂಕ್ತಿಭೇದವನ್ನು ಚಾಚೂ ತಪ್ಪದೆ ನಡೆಸುತ್ತಿದ್ದ ಸಮಾಜದಲ್ಲಿ, ಯಾರ ಪಕ್ಕದಲ್ಲಿ ಯಾರು ಕುಳಿತರು ಎಂಬುದನ್ನು ಕೇಳದ ಹಲಗೆಯೊಂದು ಬೀದಿಯಲ್ಲಿ ಹರಿದಾಡಿತು. ದುಡ್ಡು ಕೊಟ್ಟವನಿಗೆ ಜಾಗ. ಧರ್ಮಶಾಸ್ತ್ರದ ಪಂಡಿತರು ಇದಕ್ಕೆ ಪ್ರಾಯಶ್ಚಿತ್ತವನ್ನು ಹುಡುಕುವಷ್ಟರಲ್ಲಿ ಬಂಡಿಯು ಮುಂದಿನ ನಿಲ್ದಾಣವನ್ನು ಸೇರಿರುತ್ತಿತ್ತು. ಸುಧಾರಕರ ಭಾಷಣಗಳಿಂದಾಗದುದು ಒಂದು ಆಣೆ, ಎರಡಾಣೆಯ ಟಿಕೇಟಿನಿಂದ ಸದ್ದಿಲ್ಲದೆ ಆಯಿತು. 1964ರ ಮಾರ್ಚ 31ರ ರಾತ್ರಿ ಬೋರಿಬಂದರದಿಂದ ದಾದರಕ್ಕೆ ಕೊನೆಯ ಟ್ರಾಂ ಹೊರಟಾಗ ಅದನ್ನು ಬೀಳ್ಕೊಡಲು ಜನರು ಗುಂಪುಗುಂಪಾಗಿ ನೆರೆದರು.

ಗಿರಣಿಯ ಭೋಂಗಾ

1854ರಲ್ಲಿ ಕಾವಸಜಿ ದಾವರರು ಮುಂಬಯಿಯ ಮೊದಲನೆಯ ಹತ್ತಿಯ ಗಿರಣಿಯ ಕಂಪನಿಯನ್ನು ಸ್ಥಾಪಿಸಿದರು. ಅನಂತರ ಪರೇಲ, ಲಾಲಬಾಗ, ವರಳಿ ಭಾಗಗಳಲ್ಲಿ ಗಿರಣಿಗಳು ಒಂದರ ಪಕ್ಕದಲ್ಲೊಂದು ಎದ್ದುವು. ಆ ಪ್ರದೇಶಕ್ಕೆ ‘ಗಿರಣಗಾಂವ’ ಎಂಬ ಹೆಸರೇ ನಿಂತಿತು. ಕೊಂಕಣದಿಂದಲೂ ಘಟ್ಟದ ಮೇಲಿನಿಂದಲೂ ಬಂದ ಕೂಲಿಕಾರರು ಗಿರಣಿಯ ಬುಡದಲ್ಲಿಯೇ ಚಾಳುಗಳಲ್ಲಿ ವಾಸಿಸಿದರು. ಒಂದು ಕೋಣೆ, ಉದ್ದನೆಯ ಮೊಗಸಾಲೆ, ಎಲ್ಲರಿಗೂ ಸೇರಿದ ನಲ್ಲಿ. ಪಾಳಿಯ ಹೊತ್ತಿಗೆ ಭೋಂಗಾ ಕೂಗಿದರೆ ಹತ್ತು ಮಿನಿಟಿನಲ್ಲಿ ನಡೆದು ಸಾಚೆಯ ಮುಂದೆ ನಿಲ್ಲಬಹುದು. ಕೋಣೆಯಲ್ಲಿ ಸರದಿಯ ಮೇಲೆ ಮಲಗುವಷ್ಟು ಇಕ್ಕಟ್ಟು. ಆದರೆ ಕೆಲಸಕ್ಕೂ ಮನೆಗೂ ನಡುವಣ ದೂರವು ಕಾಲಳತೆಯದು. ನಡೆದು ದುಡಿಯುವವನ ಪಟ್ಟಣವು ಹೀಗೆ ಇಕ್ಕಟ್ಟಿನಿಂದಲೂ ಸಾಮೀಪ್ಯದಿಂದಲೂ ಕೂಡಿದುದಾಗಿತ್ತು.

ಇಕ್ಕಟ್ಟಿನ ಬೆಲೆಯನ್ನು 1896ರಲ್ಲಿ ತೆರಬೇಕಾಯಿತು. ಆ ವರ್ಷ ಮಾಂಡವಿಯಲ್ಲಿ ಪ್ಲೇಗನ್ನು ಡಾಕ್ಟರ್ ಅಕಾಸಿಯೋ ವಿಯೇಗಸರು ಗುರುತಿಸಿದರು. ಸಹಸ್ರಾರು ಜನರು ಸತ್ತರು. ಲಕ್ಷಾಂತರ ಜನರು ಊರು ಬಿಟ್ಟರು. 1898ರಲ್ಲಿ ಪಟ್ಟಣಸುಧಾರಣೆಯ ಟ್ರಸ್ಟು ಸ್ಥಾಪಿತವಾಯಿತು. ಅದು ಹಳೆಯ ಕೇರಿಗಳನ್ನು ಸೀಳಿ ಅಗಲವಾದ ಬೀದಿಗಳನ್ನು ತೆಗೆಯಿತು. ದಾದರ, ಮಾಟುಂಗಾ, ವಡಾಳಾ, ಶೀವ ಕಡೆಗಳಲ್ಲಿ ಹೊಸ ಬಡಾವಣೆಗಳನ್ನು ಗೆರೆಯೆಳೆದು ಹಂಚಿತು. ಗುಮಾಸ್ತನೂ ಉಪಾಧ್ಯಾಯನೂ ಗಾಳಿಬೆಳಕನ್ನು ಅರಸಿ ಉತ್ತರಕ್ಕೆ ಸರಿದನು. ರೈಲಿನ ಪಾಸು ಇದ್ದುದರಿಂದಲೇ ಇದು ಸಾಧ್ಯವಾಯಿತೆಂಬುದನ್ನು ಗಮನಿಸಬೇಕು. ಮನೆಯು ದೂರವಾದಂತೆ ಹಳಿಯು ಹತ್ತಿರವಾಗಬೇಕು. ಮುಂಬಯಿಯ ಬೆಳವಣಿಗೆಯ ಸೂತ್ರವೇ ಇದು.

ಕನ್ನಡಿಗರ ಪಾಲು

ದಕ್ಷಿಣಕನ್ನಡದ ಹುಡುಗರು ಮಂಗಳೂರಿನಿಂದ ಹಬೆಹಡಗನ್ನು ಹತ್ತಿ ಮುಂಬಯಿಯ ಧಕ್ಕೆಯಲ್ಲಿ ಇಳಿಯುತ್ತಿದ್ದರು. ಧಾರವಾಡ, ಬೆಳಗಾವಿಗಳವರು ರೈಲಿನಿಂದ ಬರುತ್ತಿದ್ದರು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಾಗುವವರೆಗೆ ಧಾರವಾಡದ ಕಾಲೇಜಿನ ವಿದ್ಯಾರ್ಥಿಗೆ ಪದವಿಯನ್ನು ಕೊಡುತ್ತಿದ್ದುದು ಮುಂಬಯಿಯ ವಿಶ್ವವಿದ್ಯಾಲಯವೇ. ಹೀಗೆ ಬಂದವರಲ್ಲಿ ವಾಹನವುಳ್ಳವರು ಎಷ್ಟು ಮಂದಿ? ಬಹುಜನರ ಆಸ್ತಿ ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ಊರಿನವರೊಬ್ಬರ ವಿಳಾಸ, ಇಷ್ಟೇ.

ಹೋಟಲಿನಲ್ಲಿ ಕೆಲಸಕ್ಕೆ ನಿಂತ ಹುಡುಗನಿಗೆ ವಾಸವೂ ಅಲ್ಲಿಯೇ. ಆದುದರಿಂದ ಅವನಿಗೆ ಹಗಲಿನಲ್ಲಿ ನಡೆಯಬೇಕಾದ ದೂರವೆಂದರೆ ಒಲೆಯಿಂದ ಮೇಜಿನವರೆಗೆ. ಆದರೆ ಸಂಜೆ ಅವನು ನಡೆಯುತ್ತಿದ್ದನು. ಕೋಟೆಯ ಭಾಗದಲ್ಲಿಯೂ ಇತರ ಕಡೆಗಳಲ್ಲಿಯೂ ಕನ್ನಡಿಗರು ನಡೆಸಿದ ರಾತ್ರಿಶಾಲೆಗಳಿದ್ದುವು. ಹಗಲು ಲೋಟ ತೊಳೆದ ಕೈ ರಾತ್ರಿ ಬಳಪ ಹಿಡಿಯಿತು. ಹೀಗೆ ಓದಿ ಗುಮಾಸ್ತರಾದವರೂ ವಕೀಲರಾದವರೂ ಸ್ವಂತ ಹೋಟಲಿಟ್ಟವರೂ ಉಂಟು. ಪಟ್ಟಣವು ಕಾಲ್ನಡೆಗೆ ದಕ್ಕುವಂತಿದ್ದುದರಿಂದ ಅವರಿಗೆ ವಿದ್ಯೆಯು ದಕ್ಕಿತು. ಶಾಲೆಗೆ ಹೋಗಲು ವಾಹನವೇ ಬೇಕೆಂದಿದ್ದರೆ ಆ ಹುಡುಗರಲ್ಲಿ ಒಬ್ಬನೂ ಅಕ್ಷರವನ್ನು ಕಾಣುತ್ತಿರಲಿಲ್ಲ.

ಮಾಟುಂಗಾ ದಕ್ಷಿಣದವರ ನೆಲೆಯಾಯಿತು. ಅಲ್ಲಿ 1942ರಲ್ಲಿ ರಾಮನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದರು. ಒಂಟಿಯಾಗಿ ಬಂದ ನೌಕರನು ರೈಲಿನಿಂದಿಳಿದು ಬಾಳೆಯೆಲೆಯ ಮುಂದೆ ಕುಳಿತರೆ ಊರಿನ ಸಾರು ಅವನ ಎಲೆಗೆ ಬೀಳುತ್ತಿತ್ತು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ ಇವು ಬಾಳಿ ಬೆಳೆದುದಕ್ಕೆ ಸದಸ್ಯರ ಅಭಿಮಾನವು ಕಾರಣವೆಂಬುದು ನಿಜ. ಆದರೆ ರಾತ್ರಿ ಒಂಬತ್ತಕ್ಕೆ ನಾಟಕವು ಮುಗಿದರೂ ಮನೆಗೆ ಮುಟ್ಟಿಸುವ ಗಾಡಿಯಿತ್ತೆಂಬುದೂ ಒಂದು ಕಾರಣ. ಸಾಹಿತ್ಯಸಭೆಗಳ ಚರಿತ್ರೆಯನ್ನು ಬರೆಯುವವರು ಕೊನೆಯ ಲೋಕಲಿನ ವೇಳೆಯನ್ನೂ ಬರೆದಿಡುವುದು ಲೇಸು.

ಒಂದು ದಿನದ ಕ್ರಮ

ಸ್ವಂತ ವಾಹನವಿಲ್ಲದ ಮುಂಬಯಿಯ ಸಂಸಾರದ ದಿನಚರಿಯಲ್ಲಿ ಒಂದು ವಿಶೇಷವಾದ ಶಿಸ್ತುಂಟು. ಡೊಂಬಿವಲಿಯಲ್ಲಿಯೋ ವಿರಾರದಲ್ಲಿಯೋ ವಾಸಿಸುವ ಗೃಹಸ್ಥನಿಗೆ ಬೆಳಗ್ಗೆ ‘ಎಂಟು ಗಂಟೆಯ ಗಾಡಿ’ ಎಂಬುದಿಲ್ಲ. ಎಂಟು ಹನ್ನೆರಡರದು, ಎಂಟು ಹತ್ತೊಂಬತ್ತರದು ಎಂದು ಮಿನಿಟಿನ ಹೆಸರಿನಿಂದ ಗಾಡಿಯನ್ನು ಕರೆಯುವುದು ರೂಢಿ. ಯಾವ ಡಬ್ಬಿಯು ಇಳಿಯುವ ಮೆಟ್ಟಿಲಿಗೆ ಎದುರಾಗಿ ನಿಲ್ಲುವುದೆಂಬುದು ಅವನಿಗೆ ಬಾಯಿಪಾಠ. ಮೂವರು ಕುಳಿತುಕೊಳ್ಳುವ ಬೆಂಚಿನಲ್ಲಿ ನಾಲ್ಕನೆಯವನಿಗೆ ತುದಿಯಲ್ಲಿ ಅಂಗೈಯಗಲ ಜಾಗ ಬಿಡುವುದು ಸಂಪ್ರದಾಯ. ದೂರದ ವಿರಾರಕ್ಕೆ ಹೋಗುವ ಗಾಡಿಯನ್ನು ಹತ್ತಿ ನಡುವೆ ಬೋರಿವಲಿಯಲ್ಲಿ ಇಳಿಯಬೇಕೆನ್ನುವವನಿಗೆ ಒಳ್ಳೆಯ ಮಾತು ದೊರೆಯುವುದಿಲ್ಲ, ಇದೂ ಸಂಪ್ರದಾಯವೇ. ಒಂದು ಡಬ್ಬಿಯಲ್ಲಿ ತಾಳದೊಡನೆ ಭಜನೆ, ಇನ್ನೊಂದರಲ್ಲಿ ಇಸ್ಪೀಟು. ಹೆಂಗಸರ ಡಬ್ಬಿಯಲ್ಲಿ ಸಂಜೆಯ ಅಡಿಗೆಗೆ ತರಕಾರಿಯನ್ನು ಬಿಡಿಸುವರು, ಹೂವು ಪಿನ್ನು ಬಳೆಗಳನ್ನು ಕೊಳ್ಳುವರು, ಮಗಳ ಮದುವೆಯ ಮಾತನ್ನೂ ಆಡುವರು. 1992ರ ಮೇ 5ರಿಂದ ಚರ್ಚಗೇಟಿಗೂ ಬೋರಿವಲಿಗೂ ನಡುವೆ ಪೂರ್ತಿ ಹೆಂಗಸರಿಗೇ ಮೀಸಲಾದ ಗಾಡಿಯು ಓಡತೊಡಗಿತು. ಕೋಳಿ ಹೆಂಗಸರು ಮೀನಿನ ಬುಟ್ಟಿಗಳೊಡನೆ ಸಾಮಾನಿನ ಡಬ್ಬಿಯನ್ನು ಏರುವರು. ಪ್ರತಿ ನಿಲ್ದಾಣದ ಹೊರಗೂ ಕಾಯಿಪಲ್ಲೆಯ ಸಂತೆ. ಆದುದರಿಂದ ಪೇಟೆಗಾಗಿ ಬೇರೆ ಪ್ರಯಾಣವಿಲ್ಲ.

ಊಟವು ಅವನ ಹಿಂದೆಯೇ ಬರುವುದು. ಸುಮಾರು 1890ರಲ್ಲಿ ಮಹಾದು ಹಾವಜಿ ಬಚ್ಚೆ ಎಂಬವರು ಆರಂಭಿಸಿದರೆಂದು ಹೇಳುವ ಡಬ್ಬಾವಾಲರ ಕ್ರಮವು ಲೋಕಪ್ರಸಿದ್ಧವಾಗಿದೆ. ಮನೆಯಿಂದ ತೆಗೆದುಕೊಂಡ ಬುತ್ತಿಯ ಡಬ್ಬಿಯು ಸೈಕಲ್ಲಿನ ಮೇಲೆ ನಿಲ್ದಾಣಕ್ಕೆ, ಅಲ್ಲಿಂದ ಉದ್ದನೆಯ ತಟ್ಟೆಯಲ್ಲಿ ರೈಲಿಗೆ, ಮತ್ತೆ ತಲೆಯ ಮೇಲೋ ಕೈಗಾಡಿಯ ಮೇಲೋ ಕಚೇರಿಗೆ. ಮಧ್ಯಾಹ್ನದ ಅನಂತರ ಖಾಲಿ ಡಬ್ಬಿಗೆ ಅದೇ ಹಾದಿಯ ಹಿಮ್ಮುಖ ಯಾತ್ರೆ. ಮುಚ್ಚಳದ ಮೇಲಿನ ಬಣ್ಣದ ಗುರುತುಗಳೇ ವಿಳಾಸ. ಓದುಬರಹ ಕಡಮೆಯಾದವರು ಕಲ್ಪಿಸಿಕೊಂಡ ಈ ಸಂಕೇತವಿದ್ಯೆಯು ಪಾಣಿನಿಯ ಪ್ರತ್ಯಾಹಾರಗಳಂತೆ ಅತ್ಯಲ್ಪಾಕ್ಷರಗಳಿಂದ ಅತಿವಿಸ್ತಾರವಾದ ಅರ್ಥವನ್ನು ಸಾಧಿಸುತ್ತದೆ. ಇಡೀ ವ್ಯವಸ್ಥೆಯಲ್ಲಿ ಮೋಟಾರಿಗೆ ಕೆಲಸವೇ ಇಲ್ಲ.

ಈ ಶಿಸ್ತಿನಲ್ಲಿ ಭಕ್ತಿಯೂ ಸೇರಿದೆ. ದಸರೆಯ ಸಮಯದಲ್ಲಿ ಪ್ರಯಾಣಿಕರು ತಾವು ದಿನವೂ ಹತ್ತುವ ಡಬ್ಬಿಯನ್ನು ತೊಳೆದು, ಮಾವಿನ ತೋರಣ, ಚೆಂಡುಹೂವಿನ ಮಾಲೆಗಳನ್ನು ಕಟ್ಟಿ ಪೂಜಿಸುವರು. ವಾಹನವುಳ್ಳವನು ಆ ದಿನ ತನ್ನ ವಾಹನವನ್ನು ಪೂಜಿಸುತ್ತಾನೆ; ವಾಹನವಿಲ್ಲದವನು ಎಲ್ಲರ ವಾಹನವನ್ನು ಪೂಜಿಸುತ್ತಾನೆ.

ಆಪತ್ಕಾಲ

ಈ ಜೀವನವನ್ನು ಸುಖವೆಂದು ವರ್ಣಿಸುವುದು ಅಸತ್ಯವಾದೀತು. 2020ಕ್ಕೆ ಮುಂಚಿನ ವರ್ಷಗಳಲ್ಲಿ ಮುಂಬಯಿಯ ಲೋಕಲುಗಳಲ್ಲಿ ದಿನಕ್ಕೆ ಸುಮಾರು 75 ಲಕ್ಷ ಪ್ರಯಾಣಗಳಾಗುತ್ತಿದ್ದುವು. ಒಂದು ಚದರ ಮೀಟರಿನಲ್ಲಿ ಹದಿನಾಲ್ಕು, ಹದಿನಾರು ಜನರು ನಿಲ್ಲುವ ಇಕ್ಕಟ್ಟನ್ನು ಹೇಳಲು ರೈಲಿನವರು ಪ್ರತ್ಯೇಕವಾದ ಪರಿಭಾಷೆಯನ್ನೇ ಕಲ್ಪಿಸಬೇಕಾಯಿತು. ಹಳಿಯನ್ನು ದಾಟುವಾಗಲೂ ಬಾಗಿಲಿನಿಂದ ಜಾರಿಯೂ ಸಾಯುವವರ ಸಂಖ್ಯೆಯು ವರ್ಷಕ್ಕೆ ಎರಡು ಸಾವಿರವನ್ನು ಮೀರುತ್ತದೆ. ಯುದ್ಧವಿಲ್ಲದ ಕಾಲದಲ್ಲಿ ಪದಾತಿಗಳು ಹೀಗೆ ಬೀಳುತ್ತಿರುವುದು ಯಾವ ರಾಜ್ಯಕ್ಕೂ ಕೀರ್ತಿಯಲ್ಲ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆಯಾಯಿತು. ರೈಲು ನಿಂತಿತು, ಬಸ್ಸು ಮುಳುಗಿತು. ಆ ರಾತ್ರಿ ಲಕ್ಷಾವಧಿ ಜನರು ಎದೆಮಟ್ಟದ ನೀರಿನಲ್ಲಿ ಒಬ್ಬರ ಕೈಯನ್ನೊಬ್ಬರು ಹಿಡಿದು, ಹಳಿಗಳ ಮೇಲೆ, ಹೆದ್ದಾರಿಯ ಮೇಲೆ ಮನೆಗೆ ನಡೆದರು. ಬದಿಯ ಗುಡಿಸಲುಗಳವರು ನೀರು, ಬಿಸ್ಕತ್ತು, ಚಹಾಗಳನ್ನು ಹಂಚಿದರು. ಮೋಟಾರಿನ ಬಾಗಿಲು ತೆರೆಯಲಾರದೆ ಅದರೊಳಗೇ ಪ್ರಾಣ ಬಿಟ್ಟವರೂ ಉಂಟು. ಮರುವರ್ಷ ಜುಲೈ 11ರಂದು ಸಂಜೆಯ ಗಾಡಿಗಳಲ್ಲಿ ಏಳು ಬಾಂಬುಗಳು ಸಿಡಿದು ಇನ್ನೂರರಷ್ಟು ಜನರು ಮಡಿದರು. ಮರುದಿನ ಬೆಳಗ್ಗೆ ಅದೇ ಹಳಿಯ ಮೇಲೆ ಅದೇ ಗಾಡಿಗಳನ್ನು ಜನರು ಹತ್ತಿದರು. ಇದನ್ನು ಧೈರ್ಯವೆಂದು ಪತ್ರಿಕೆಗಳು ಕೊಂಡಾಡಿದುವು. ಧೈರ್ಯವೂ ಹೌದು, ಬೇರೆ ಗತಿಯಿಲ್ಲದಿರುವಿಕೆಯೂ ಹೌದು.

ಎಲ್ಲಕ್ಕಿಂತ ಮನಸ್ಸನ್ನು ಕಲಕುವುದು 2017ರ ಸಪ್ಟಂಬರ 29ರ ಸಂಗತಿ. ಅದನ್ನು ತಿಳಿಯಲು ಗಿರಣಗಾಂವಕ್ಕೆ ಮರಳಬೇಕು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ಮುಷ್ಕರ ಹೂಡಿದರು. ಮುಷ್ಕರವು ಗೆಲ್ಲಲಿಲ್ಲ, ಗಿರಣಿಗಳು ಒಂದೊಂದಾಗಿ ಮುಚ್ಚಿದುವು, ಭೋಂಗಾ ನಿಂತಿತು. ಆ ನೆಲದ ಮೇಲೆ ಗಗನಚುಂಬಿಯಾದ ಕಚೇರಿಗಳೂ ಅಂಗಡಿಗಳೂ ಎದ್ದುವು. ಹಿಂದೆ ಕೆಲಸಗಾರನು ಪಕ್ಕದ ಚಾಳಿನಿಂದ ನಡೆದುಬರುತ್ತಿದ್ದನು. ಈಗ ಅಲ್ಲಿಯ ನೌಕರನು ವಿರಾರದಿಂದಲೋ ಕಲ್ಯಾಣದಿಂದಲೋ ರೈಲಿನಲ್ಲಿ ಬರಬೇಕು. ಕಟ್ಟಡಗಳು ಮುಗಿಲಿಗೇರಿದುವು, ಎಲ್ಫಿನ್ಸ್ಟನ್ ರೋಡ್ ಮತ್ತು ಪರೇಲ ನಿಲ್ದಾಣಗಳನ್ನು ಕೂಡಿಸುವ ಕಾಲುಸೇತುವೆ ಮಾತ್ರ ಹಿಂದಿನಷ್ಟೇ ಇಕ್ಕಟ್ಟಾಗಿ ಉಳಿಯಿತು. ಹೊಸದಕ್ಕೆ ಮಂಜೂರಾತಿಯು ಮೊದಲೇ ದೊರೆತಿತ್ತು, ಕೆಲಸವು ಆರಂಭವಾಗಿರಲಿಲ್ಲ.

ಅಂದು ಮಹಾನವಮಿ. ಬೆಳಗ್ಗೆ ಹತ್ತೂವರೆಯ ಸುಮಾರಿಗೆ ಜೋರಾದ ಮಳೆ ಬಂದಿತು. ಗಾಡಿಗಳಿಂದಿಳಿದವರು ಮೆಟ್ಟಿಲಿನ ಮೇಲೆ ಮಳೆ ನಿಲ್ಲುವುದನ್ನು ಕಾಯುತ್ತ ನಿಂತರು. ಹಿಂದಿನಿಂದ ಇನ್ನಷ್ಟು ಜನರು ಬಂದರು. ಹೂವಿನ ಹೊರೆಯೊಂದು ಬಿದ್ದುದನ್ನು ಕಂಡು ಯಾರೋ ಹಿಂದಿಯಲ್ಲಿ ‘ಫೂಲ್’ ಬಿದ್ದಿತೆಂದು ಕೂಗಿದುದು ‘ಪುಲ್’ ಬಿದ್ದಿತೆಂದು ಕೇಳಿಸಿತೆಂದು ಬದುಕಿ ಉಳಿದ ಕೆಲವರು ಹೇಳಿದರು. ಮೊದಲನೆಯದು ಹೂವು, ಎರಡನೆಯದು ಸೇತುವೆ. ಒಂದು ಮಹಾಪ್ರಾಣವೂ ಒಂದು ದೀರ್ಘವೂ ಕಿವಿಗೆ ತಪ್ಪಿದುದರಿಂದ ಜನಸಂದಣಿಯು ನುಗ್ಗಿತೆಂದು ಅವರ ಹೇಳಿಕೆ. ಆ ನೂಕುನುಗ್ಗಲಿನಿಂದ 23 ಮಂದಿ ಮಡಿದರು. ಆದರೆ ವಿವೇಕಿಗಳು ವರ್ಣದೋಷವನ್ನು ದೂರುವುದಿಲ್ಲ; ಸೇತುವೆಯು ಅಗಲವಾಗಿದ್ದಿದ್ದರೆ ತಪ್ಪಾಗಿ ಕೇಳಿದ ಮಾತೊಂದರಿಂದ ಯಾರೂ ಸಾಯುತ್ತಿರಲಿಲ್ಲ. ಆ ಮೇಲೆ ಸೈನ್ಯದವರು ಬಂದು ಹೊಸ ಕಾಲುಸೇತುವೆಯನ್ನು ಕಟ್ಟಿದರು. 2018ರ ಫೆಬ್ರವರಿ 27ರಂದು ಅದು ತೆರೆಯಿತು. ವರ್ಷಗಳಿಂದಾಗದುದು ಕೆಲವು ತಿಂಗಳಲ್ಲಿ ಆಯಿತು.

2020ರ ಮಾರ್ಚಿನಲ್ಲಿ ಕೊರೋನಾ ವ್ಯಾಧಿಯಿಂದ ಲೋಕಲುಗಳೇ ನಿಂತುಹೋದುವು. ಅಗತ್ಯ ಸೇವೆಯವರಿಗೆ ಜೂನ 15ರಿಂದಲೂ ಸರ್ವರಿಗೆ, ವೇಳೆಯ ಕಟ್ಟುಪಾಡಿನೊಡನೆ, 2021ರ ಫೆಬ್ರವರಿ 1ರಿಂದಲೂ ಅವು ಮತ್ತೆ ದೊರೆತುವು. ಆ ನಡುವಣ ತಿಂಗಳುಗಳಲ್ಲಿ ಮೋಟಾರುಳ್ಳವನು ಕಚೇರಿಗೆ ಹೋಗಬಲ್ಲವನಾಗಿದ್ದನು. ಉಪನಗರದಿಂದ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು ಮನೆಯಲ್ಲಿಯೇ ಉಳಿದಳು. ಪಟ್ಟಣದಲ್ಲಿ ವಾಹನವಿಲ್ಲದಿರುವುದು ಬಡತನವಲ್ಲ, ಎಲ್ಲರ ವಾಹನವು ಇರುವ ತನಕ. ಅದು ನಿಂತ ದಿನವೇ ಬಡತನ.

ಎರಡು ಸೇತುವೆಗಳು

ಮಾಹಿಮದ ಕೊಲ್ಲಿಯ ಮೇಲೆ ಈಗ ಎರಡು ಹಾದಿಗಳಿವೆ. ಒಂದು 1845ರಲ್ಲಿ ಆವಾಬಾಯಿಯವರು ಕಟ್ಟಿಸಿದುದು. ಇನ್ನೊಂದು 2009ರಲ್ಲಿ ತೆರೆದ, ಬಾಂದ್ರಾದಿಂದ ವರಳಿಗೆ ಕಡಲಿನ ಮೇಲೆ ಹಾಯುವ ಸೇತುವೆ. ಎರಡನೆಯದು ನೋಡಲು ರಮಣೀಯ, ಶಿಲ್ಪದಲ್ಲಿ ಅದ್ಭುತ. ಆದರೆ ಅದನ್ನು ಏರಲು ಸುಂಕವನ್ನು ಕೊಡಬೇಕು. ನಡೆಯುವವನಿಗೂ ಸೈಕಲ್ಲಿನವನಿಗೂ ದ್ವಿಚಕ್ರದ ಮೋಟಾರಿನವನಿಗೂ ಅಲ್ಲಿ ಪ್ರವೇಶವಿಲ್ಲ. 2024ರ ಜನವರಿಯಲ್ಲಿ ತೆರೆದ, ಸುಮಾರು 22 ಕಿಲೋಮೀಟರ್ ಉದ್ದದ ಅಟಲ್ ಸೇತುವೂ, ಅದೇ ಮಾರ್ಚಿನಲ್ಲಿ ಮೊದಲ ಭಾಗವು ತೆರೆದ ಕಡಲಂಚಿನ ರಸ್ತೆಯೂ ಬಹುಮಟ್ಟಿಗೆ ಚತುಶ್ಚಕ್ರದವರಿಗಾಗಿಯೇ ಆದುವು. ಇತ್ತ ನಗರಸಭೆಯ ಬಸ್ಸುಗಳು ನಾಲ್ಕು ಸಾವಿರಕ್ಕೂ ಮೇಲಿದ್ದುವು 2025ರ ವೇಳೆಗೆ ಮೂರು ಸಾವಿರಕ್ಕೂ ಕಡಮೆಯಾದುವು. ಆ ವರ್ಷದ ಮೇ ತಿಂಗಳಲ್ಲಿ ಕನಿಷ್ಠ ದರವು ಐದು ರೂಪಾಯಿಯಿಂದ ಹತ್ತಕ್ಕೇರಿತು.

ಇದೊಂದೇ ಪಕ್ಷವನ್ನು ಹೇಳಿದರೆ ನ್ಯಾಯವಾಗದು. 2014ರಲ್ಲಿ ವರಸೋವಾದಿಂದ ಘಾಟಕೋಪರಕ್ಕೆ ಮೊದಲ ಮೆಟ್ರೋ ಓಡಿತು. ನೆಲದಡಿಯ ಹಾದಿಯ ಮೊದಲ ಭಾಗವು 2024ರ ಅಕ್ಟೋಬರದಲ್ಲಿ ತೆರೆದು, ಮರುವರ್ಷದ ಅಕ್ಟೋಬರದಲ್ಲಿ ಕಫ್ ಪರೇಡಿನವರೆಗೆ ಪೂರ್ಣವಾಯಿತು. ರೈಲು ಎಂದೂ ಮುಟ್ಟದಿದ್ದ ಕಾಳಬಾದೇವಿ, ಗಿರಗಾಂವಗಳಿಗೆ ಅದು ನಿಲ್ದಾಣಗಳನ್ನು ಕೊಟ್ಟಿತು. ಹಿಂದೆ ಕುದುರೆಯ ಟ್ರಾಂ ಓಡಿದ ಬೀದಿಯ ಅಡಿಯಲ್ಲಿಯೇ ಇಂದು ವಿದ್ಯುತ್ತಿನ ಗಾಡಿಯು ಓಡುತ್ತಿರುವುದು ಕಾಲಚಕ್ರದ ಒಂದು ಸೊಗಸಾದ ಸುತ್ತು.

ಯಾವ ಪಟ್ಟಣವನ್ನಾದರೂ ಅಳೆಯಲು ಒಂದು ಸುಲಭವಾದ ಮಾನದಂಡವುಂಟು. ಕೈಯಲ್ಲಿ ಚೀಲ ಹಿಡಿದ ಮುದುಕಿಯೊಬ್ಬಳು ಹೆದರದೆ ಬೀದಿಯನ್ನು ದಾಟಿ, ಮೆಟ್ಟಿಲೇರಿ, ಗಾಡಿ ಹಿಡಿದು ಮಗಳ ಮನೆಯನ್ನು ಸೇರಬಲ್ಲಳೇ? ಸೇರಬಲ್ಲಳಾದರೆ ಅದು ನಗರ. ಇಲ್ಲವಾದರೆ ಅದು ಕೇವಲ ಕಟ್ಟಡಗಳ ರಾಶಿ. ಮುಂಬಯಿಯು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ, ತಪ್ಪುತ್ತ ಒಪ್ಪುತ್ತ, ಆ ಮುದುಕಿಯನ್ನು ಮನೆಗೆ ಮುಟ್ಟಿಸಿದೆ. ಇಂದು ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳು ಮೋಟಾರುಗಳಿಂದ ತುಂಬಿ ಕಾಲುದಾರಿಗಳನ್ನು ಕಳೆದುಕೊಳ್ಳುತ್ತಿರುವಾಗ, ಕನ್ನಡಿಗರು ತಮ್ಮ ಹಳೆಯ ರಾಜಧಾನಿಯಿಂದ ಕಲಿಯತಕ್ಕುದು ಬಹಳವಿದೆ. ಅದರ ಗುಣದಿಂದ ಅನುಕರಣವನ್ನೂ, ಅದರ ದೋಷದಿಂದ ಎಚ್ಚರವನ್ನೂ.

ಅಕ್ಷೌಹಿಣಿಯ ಲೆಕ್ಕವನ್ನು ಬರೆದವರು ಪದಾತಿಗಳನ್ನು ಎಣಿಸದೆ ಬಿಡಲಿಲ್ಲ. ರಸ್ತೆಯನ್ನು ಅಳೆಯುವವರೂ ಸೇತುವೆಯ ಅಗಲವನ್ನು ಗೊತ್ತುಮಾಡುವವರೂ ಮೊದಲು ಅವರನ್ನೇ ಎಣಿಸಲಿ.